ಸಣ್ಣ ಕಾರಿಗೆ ದೊಡ್ಡ ಎಂಜಿನು

“ಕಾರು ಸಣ್ಣದು, ಎಂಜಿನು ದೊಡ್ಡದು. ಇದರಲ್ಲಿ ಏನೋ ಉಂಟು ಮಾರಾಯ್ರೇ. ಏನೋ ಉಂಟು.”

ಮೂಡುಬಿದಿರೆಯ ಬಸ್ ಏಜೆಂಟ್ ರಮಾನಾಥ ಶೆಣೈ ಈ ಮಾತು ಹೇಳಿದ್ದು ಬೆಳ್ತಂಗಡಿ ಬಸ್ಸಿನ ಡ್ರೈವರನಿಗೆ. ಬಸ್ಸು ಬೆಳ್ತಂಗಡಿ ಮುಟ್ಟುವ ಮೊದಲೇ ಮಾತು ಅಲ್ಲಿಗೆ ಮುಟ್ಟಿತ್ತು. ಯಾಕೆಂದರೆ ಬಸ್ಸು ವೇಣೂರಿನಲ್ಲಿ ಚಹಾಕ್ಕೆ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ.

ಮಾತಿಗೆ ಗುರಿಯಾದವನು ಸಂಪತ್‌ಕುಮಾರ. ಬಸದಿಗೆ ಹೋಗುವ ದಾರಿಯಲ್ಲಿ ಕಂಚು ಹಿತ್ತಾಳೆ ಪಾತ್ರೆಗಳ ಅಂಗಡಿ ಇಟ್ಟುಕೊಂಡವನು. ಇರುವೆ ಸಾಲು ಕಂಡರೆ ಸೈಕಲಿನಿಂದ ಇಳಿದು, ಸೈಕಲನ್ನು ಎತ್ತಿ ದಾಟಿಸಿ, ಮತ್ತೆ ಹತ್ತುವಂಥ ಪಾಪದ ಮನುಷ್ಯ. ಊರಿನಲ್ಲಿ ಅವನ ಮೇಲೆ ಅದುವರೆಗೆ ಯಾರಿಗೂ ಒಂದು ಸಂಶಯ ಬಂದದ್ದಿಲ್ಲ. ಬರದೆ ಇದ್ದ ಸಂಶಯಗಳೆಲ್ಲ ಸಾಲುಗಟ್ಟಿ ಕಾದಿದ್ದವೋ ಏನೋ, ಬಂದಾಗ ಒಟ್ಟಿಗೇ ಬಂದವು.

ಶುರುವಾದದ್ದು ಕಾರಿನಿಂದ. ಘಟ್ಟದ ಮೇಲಿನ ಕಾಫಿ ತೋಟ ಮಾರಿ ಬಿಲಾತಿಗೆ ಹೊರಟ ದೊರೆಯೊಬ್ಬ ಬಿಟ್ಟುಹೋದ ಸ್ಪೋರ್ಟ್ಸ್ ಕಾರು ಅದು. ಎರಡೇ ಸೀಟು, ನಾಲ್ಕು ಸಿಲಿಂಡರಿನ ಎಂಜಿನು, ತಲೆಯ ಮೇಲೆ ಮಾಡು ಇಲ್ಲ, ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಕುಳಿತುಕೊಂಡ ರೂಪ. ದೊರೆ ಅದನ್ನು ಕೊಂಡಾಗ ಇಬ್ಬರಿಗೂ ಪ್ರಾಯ ಇತ್ತು. ಸಂಪತ್‌ಕುಮಾರನ ಕೈಗೆ ಬರುವಾಗ ಕಾರಿಗೆ ಉಬ್ಬಸ. ಆದರೂ ಹೆಗಲ ಮೇಲಿನ ಶಾಲು ಗಾಳಿಗೆ ಹಾರಿಸಿಕೊಂಡು ಪೇಟೆಯಲ್ಲಿ ಒಂದು ಸುತ್ತು ಹೊಡೆದಾಗ ಅವನಿಗೆ ತಾನೂ ಒಂದು ಜನ ಅನ್ನಿಸಿತು. ಮನುಷ್ಯನಿಗೆ ಹಾಗೆ ಅನ್ನಿಸಬಾರದು. ಅನ್ನಿಸಿದ ಮೇಲೆ ಖರ್ಚು ಉಂಟು.

ಇವರದ್ದು ಅಳಿಯಸಂತಾನದ ಮನೆತನ. ಆಸ್ತಿ ಹೋಗುವುದು ಅಕ್ಕತಂಗಿಯರ ಮಕ್ಕಳಿಗೆ. ಗಂಡ ತನ್ನ ತಾಯಿಮನೆಯಲ್ಲಿ, ಹೆಂಡತಿ ಅವಳ ತಾಯಿಮನೆಯಲ್ಲಿ. ಸಂಪತ್‌ಕುಮಾರ ಇರುವುದು ಮೂಡುಬಿದಿರೆಯಲ್ಲಿ ಅಕ್ಕ ರಾಜೀವಿಯ ಜತೆ, ಅವನ ಹೆಂಡತಿ ಕಮಲಾವತಿ ಇರುವುದು ಬೆಳ್ತಂಗಡಿಯ ಆಚೆ ಲಾಯಿಲದಲ್ಲಿ, ಸೋದರಮಾವ ಪುಷ್ಪರಾಜರ ಯಜಮಾನಿಕೆಯಲ್ಲಿ. ಶನಿವಾರ ಸಂಜೆ ಹೋಗುವುದು, ಸೋಮವಾರ ಬೆಳಿಗ್ಗೆ ಬರುವುದು. ಇಂಥ ಗಂಡನಿಗೆ ಎರಡು ಮನೆಯಲ್ಲಿಯೂ ಊಟ ಉಂಟು, ಒಂದು ಮನೆಯಲ್ಲಿಯೂ ಮಾತಿಲ್ಲ.

ಕಾರು ಬಂದ ಹೊಸತರಲ್ಲಿ ವೇಣೂರಿನ ಒಂದು ಮದುವೆಗೆ ಕಮಲಾವತಿಯನ್ನು ಕೂರಿಸಿಕೊಂಡು ಹೋದ. ಹೋಗುವಾಗ ಇಳಿಜಾರು, ದೇವರ ದಯೆ. ಹಿಂದೆ ಬರುವಾಗ ಬೆಳ್ತಂಗಡಿ ದಾಟಿ ಲಾಯಿಲಕ್ಕೆ ಹತ್ತುವ ಏರಿನ ನಡುವೆ ಕಾರು ಒಮ್ಮೆ ಕೆಮ್ಮಿತು, ಎರಡನೆಯ ಸಲ ನಿಂತಿತು, ಮೂರನೆಯ ಸಲ ಹಿಂದಕ್ಕೆ ಜಾರಿತು. ಕಮಲಾವತಿ ಮೈಕೈ ತುಂಬಿಕೊಂಡ ಹೆಂಗಸು. ಅದರ ಮೇಲೆ ಮದುವೆಯ ರೇಷ್ಮೆ ಪಟ್ಟೆಸೀರೆ, ಮೈತುಂಬ ಚಿನ್ನ.

“ಕಮಲಾ, ಸ್ವಲ್ಪ ಇಳಿಯುತ್ತೀಯಾ?” ಎಂದ ಸಂಪತ್‌ಕುಮಾರ.

ಅವಳು ಇಳಿದಳು. ಇಳಿಯಲು ಹೇಳಿದ್ದನ್ನು ಅವಳು ಕ್ಷಮಿಸುತ್ತಿದ್ದಳೋ ಏನೋ. ಆದರೆ ಅವಳು ಇಳಿದದ್ದೇ ತಡ, ಕಾರು ಹಗ್ಗ ಬಿಚ್ಚಿದ ಕರುವಿನ ಹಾಗೆ ಬಾಲ ಎತ್ತಿ ಏರಿನ ತುದಿಗೆ ಹಾರಿತು. ಅದೇ ಹೊತ್ತಿಗೆ ಹಿಂದಿನಿಂದ ಬಸ್ಸು ಬಂತು. ಬಸ್ಸು ತುಂಬ ಮದುವೆಯ ದಿಬ್ಬಣದವರು. ಸೆರಗು ಎತ್ತಿ ಕಟ್ಟಿಕೊಂಡು ಏರು ಹತ್ತುತ್ತಿದ್ದ ಕಮಲಾವತಿಯನ್ನು ಎಲ್ಲ ಕಿಟಕಿಗಳೂ ನೋಡಿದವು.

“ಕಮಲಕ್ಕಾ, ಬನ್ನಿ ಬನ್ನಿ! ಇದು ಏರ್ತದೆ!” ಎಂದು ಒಂದು ಕಿಟಕಿ ಕರೆಯಿತು.

ಮನೆಗೆ ಬಂದು ಅವಳು ಜಗಳ ಮಾಡಲಿಲ್ಲ. “ಇನ್ನು ನನಗೆ ಬಸ್ಸೇ ಸಾಕು” ಎಂದಳು, ಅಷ್ಟೇ. ಗಂಡನಾದವನಿಗೆ ಇದಕ್ಕಿಂತ ದೊಡ್ಡ ಜಗಳ ಬೇಕೆ?

ಸಂಪತ್‌ಕುಮಾರ ಅಂದೇ ಮನಸ್ಸಿನಲ್ಲಿ ಸಂಕಲ್ಪ ಮಾಡಿದ. ಈ ಕಾರಿಗೆ ದೊಡ್ಡ ಎಂಜಿನು ಹಾಕಿಸುವುದು, ಕಮಲಾವತಿಯನ್ನು ರಾಣಿಯ ಹಾಗೆ ಕೂರಿಸಿ ಅದೇ ಏರು ಹತ್ತಿಸುವುದು. ಕಾರಣ ಇಷ್ಟೇ, ಶುದ್ಧ ದಾಂಪತ್ಯದ್ದು. ಆದರೆ ಬಾಯಿಬಿಟ್ಟು ಹೇಳುವುದು ಹೇಗೆ? “ಹೆಂಡತಿ ಕುಳಿತರೆ ಕಾರು ಏರುವುದಿಲ್ಲ” ಎಂದು ಒಬ್ಬನ ಕಿವಿಯಲ್ಲಿ ಹೇಳಿದರೆ ಸಾಯಂಕಾಲದೊಳಗೆ ಲಾಯಿಲಕ್ಕೆ ಮುಟ್ಟುತ್ತದೆ. ಆಮೇಲೆ ಆ ಮನೆಯ ಮೆಟ್ಟಲು ಹತ್ತಲು ಯಾವ ಎಂಜಿನೂ ಸಾಲದು. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡ. ಬೀಗ ಕಂಡಲ್ಲಿ ಜನರಿಗೆ ಒಳಗೆ ನಿಧಿ ಉಂಟೆಂದು ತೋರುವುದು ಲೋಕರೂಢಿ.

ಪಾಣೆಮಂಗಳೂರಿನ ಉಮ್ಮರನ ಗ್ಯಾರೇಜಿನಲ್ಲಿ ಎಂಜಿನು ಸಿಕ್ಕಿತು.

“ಉಂಟು ಧಣಿ. ಆರು ಸಿಲಿಂಡರಿನದ್ದು. ಗೋಡೆಗೆ ಗುದ್ದಿ ಸತ್ತ ವ್ಯಾನಿನದ್ದು. ವ್ಯಾನು ಸತ್ತದ್ದು ಎಂಜಿನಿಗೆ ಗೊತ್ತೇ ಆಗಲಿಲ್ಲ, ಅಷ್ಟು ಗಟ್ಟಿ.”

“ಇದರೊಳಗೆ ಹಿಡೀತದಾ ಉಮ್ಮರ್?”

“ಹಿಡಿಯದೆ ಎಂತ? ಹಿಡಿಯದಿದ್ದರೆ ಹಿಡಿಸುವ.”

ಹಿಡಿಯಲಿಲ್ಲ. ಉಮ್ಮರ್ ಹಿಡಿಸಿದ. ರೇಡಿಯೇಟರು ಮುಂದಕ್ಕೆ ಹೋಗಿ ಮೂಗಿನ ತುದಿಯಲ್ಲಿ ನಿಂತಿತು. ಎಂಜಿನಿಗೂ ಕಾಲಿಗೂ ನಡುವೆ ಇದ್ದ ತಗಡನ್ನು ಕೊಯ್ದದ್ದರಿಂದ ಎಂಜಿನಿನ ಹಿಂಭಾಗ ಡ್ರೈವರನ ಮೊಣಕಾಲಿನ ಹತ್ತಿರ ಬಂದು ಕುಳಿತಿತು. ವ್ಯಾನಿನ ಗೇರು ಕೋಲು ಪಕ್ಕದ ಸೀಟಿನ ಕಡೆಗೆ ವಾಲಿಕೊಂಡಿತು. ಎಂಜಿನಿನ ತಲೆ ಬಾನೆಟ್ಟಿಗಿಂತ ಮೇಲೆ ಬಂದು ಮುಚ್ಚಲಿಕ್ಕೇ ಆಗದ ಕಾರಣ ಬಾನೆಟ್ಟನ್ನು ಬಿಚ್ಚಿ ಮೂಲೆಗೆ ಇಟ್ಟದ್ದಾಯಿತು. ಮೇಲಿನಿಂದ ಗೋಣಿ ಹಾಸಿ ಹುರಿಹಗ್ಗದಿಂದ ಕಟ್ಟಿದ. ಹೆರಿಗೆಗೆ ತವರಿಗೆ ಹೊರಟ ಹಾಗೆ ಕಾಣುತ್ತಿತ್ತು ಕಾರು.

ಉಮ್ಮರ್ ಆಚೆ ಈಚೆ ನೋಡಿ ಹತ್ತಿರ ಬಂದ. “ಧಣಿ, ನಾನು ಯಾರಿಗೂ ಹೇಳುವ ಜನ ಅಲ್ಲ. ಬಂಗಾರವಾ, ಸರಾಯಿಯಾ?”

“ಎರಡೂ ಅಲ್ಲ ಮಾರಾಯ!”

“ಎರಡೂ ಅಲ್ಲವಾ?” ಉಮ್ಮರನ ಕಣ್ಣು ಅಗಲವಾದವು. “ಯಾ ಅಲ್ಲಾ! ಅದಕ್ಕಿಂತಲೂ ದೊಡ್ಡದಾ?”

ಮನೆಯಲ್ಲಿ ಅಕ್ಕ ರಾಜೀವಿಯ ತನಿಖೆ ಬೇರೆ. ಅವಳು ಒಲೆಯ ಮುಂದೆ ಕುಳಿತೇ ಕೇಳಿದಳು.

“ಸಂಪತ, ದೊಡ್ಡ ಎಂಜಿನು ಯಾಕೆ ಹಾಕ್ತಾರೆ?”

“ಸುಮ್ಮನೆ ಅಕ್ಕ.”

“ಸುಮ್ಮನೆ ಅಲ್ಲ. ದೊಡ್ಡ ಭಾರ ಎಳೀಲಿಕ್ಕೆ. ಆ ಭಾರ ಯಾವುದು ಅಂತ ನನಗೆ ಗೊತ್ತುಂಟು.”

“ಅಕ್ಕ, ನಿನ್ನ ದಮ್ಮಯ್ಯ, ಲಾಯಿಲದವರಿಗೆ ಹೇಳಬೇಡ!”

“ಲಾಯಿಲದವರಿಗೆ ನಾನು ಹೇಳಬೇಕಾ? ಕೊಪ್ಪರಿಗೆ ಹೋಗುವುದೇ ಅಲ್ಲಿಗೆ!”

“ಎಂಥ ಕೊಪ್ಪರಿಗೆ?”

“ಅಜ್ಜಿಯ ಕಾಲದ ಕಂಚಿನ ಕೊಪ್ಪರಿಗೆ! ನಾಲ್ಕು ಜನ ಹೊರಬೇಕಾದದ್ದು! ಒಂದೊಂದೇ ಶನಿವಾರ ಒಂದೊಂದೇ ಪಾತ್ರೆ ಹೆಂಡತಿ ಮನೆಗೆ ಸಾಗಿಸಿ ನನ್ನ ಮಕ್ಕಳ ಬಾಯಿಗೆ ಮಣ್ಣು ಹಾಕುವ ಉಪಾಯ! ಕಾರು ತಂದಾಗಲೇ ನನಗೆ ವಾಸನೆ ಬಂದಿತ್ತು.”

ಅಲ್ಲ ಎಂದು ಹೇಳಬೇಕಾದರೆ ಹೌದು ಯಾವುದೆಂದು ಹೇಳಬೇಕು. ಅದು ಸಾಧ್ಯವಿಲ್ಲದ್ದರಿಂದ ಸಂಪತ್‌ಕುಮಾರ ತಲೆ ತಗ್ಗಿಸಿದ. ತಗ್ಗಿದ ತಲೆಯನ್ನು ರಾಜೀವಿ ಒಪ್ಪಿಗೆ ಎಂದು ಎಣಿಸಿದಳು. ಅಂದಿನಿಂದ ಪಾತ್ರೆಗಳಿದ್ದ ಅಟ್ಟಕ್ಕೆ ಬೀಗ. ಬೀಗದ ಕೈ ಅವಳ ಸೊಂಟದಲ್ಲಿ.

ಬಸ್ಸುಗಳು ತಮ್ಮ ಕೆಲಸ ಮಾಡುತ್ತಿದ್ದವು. ಮೂಡುಬಿದಿರೆಯಲ್ಲಿ “ಟ್ಯಾಕ್ಸಿ ಓಡಿಸ್ತಾನಂತೆ” ಎಂದು ಹತ್ತಿದ ಸುದ್ದಿ ವೇಣೂರಿನಲ್ಲಿ “ಬಂಗಾರವಂತೆ” ಎಂದು ಇಳಿಯಿತು. ಗುರುವಾಯನಕೆರೆಯಲ್ಲಿ ಸರಾಯಿ ಆಯಿತು. ಲಾಯಿಲಕ್ಕೆ ಮುಟ್ಟುವಾಗ ಅದು ಸೀರೆ ಉಟ್ಟುಕೊಂಡಿತ್ತು: ಶಿರ್ತಾಡಿಯಲ್ಲಿ ಯಾರೋ ಇದ್ದಾಳಂತೆ, ಅಲ್ಲಿಗೆ ಬೇಗ ಹೋಗಿ ಬೇಗ ಬರಲಿಕ್ಕಂತೆ.

ಶುಕ್ರವಾರ ರಮಾನಾಥ ಶೆಣೈ ಅಂಗಡಿಗೆ ಬಂದು, ಗಿರಾಕಿಗಳ ಎದುರೇ ಲಾಯಿಲದ ಒಕ್ಕಣೆ ಹೇಳಿದರು. “ಪುಷ್ಪರಾಜರು ಹೇಳಿ ಕಳಿಸಿದ್ದಾರೆ. ನಾಳೆ ಬಂದು ಎಂಜಿನಿನ ವಿಷಯ ಎದುರಿಗೇ ಹೇಳಬೇಕಂತೆ. ಇಲ್ಲದಿದ್ದರೆ ಮುಂದಿನ ಶನಿವಾರದಿಂದ ಬರುವ ತೊಂದರೆ ತೆಗೆದುಕೊಳ್ಳುವುದು ಬೇಡವಂತೆ. ಇದು ಕಮಲಕ್ಕನ ಮಾತೂ ಹೌದಂತೆ.” ಹೊರಡುವಾಗ, “ನನ್ನ ಹತ್ತಿರ ಹೇಳಬಹುದಿತ್ತು ನೀವು, ಟ್ಯಾಕ್ಸಿಯಾದರೆ” ಎಂದರು.

ಅಳಿಯಸಂತಾನದ ಹಳೆಯ ಕ್ರಮದಲ್ಲಿ ಗಂಡನನ್ನು ಬಿಡಲಿಕ್ಕೆ ಹೆಚ್ಚಿನ ಗಲಾಟೆ ಬೇಡ. ಅವನು ಬಂದಾಗ ಬಾಗಿಲು ತೆರೆಯದಿದ್ದರೆ ಸಾಕು. ಹೇಳದಿದ್ದರೆ ಬಾಗಿಲು ಹಾಕುತ್ತಾಳೆ. ಹೇಳಿದರೆ ಬಾಗಿಲು ಹಾಕಿ ಅಗುಳಿಯನ್ನೂ ಹಾಕುತ್ತಾಳೆ. ಸಂಪತ್‌ಕುಮಾರನಿಗೆ ಆ ದಿನ ತಕ್ಕಡಿಯ ಎರಡು ತಟ್ಟೆಯೂ ಒಂದೇ ಸಮ ಕಂಡವು.

ಶನಿವಾರ ಪಾಣೆಮಂಗಳೂರಿಗೆ ಹೋಗಿ ಕಾರು ಬಿಡಿಸಿಕೊಂಡ. ಎಂಜಿನು ಶುರುವಾದದ್ದೇ ಗ್ಯಾರೇಜಿನ ಹೆಂಚು ನಡುಗಿತು. ಬಂಟ್ವಾಳದ ಪೇಟೆಯಲ್ಲಿ ಕಾರು ಕಾಣುವ ಮೊದಲೇ ಸದ್ದು ಕೇಳಿ ಜನ ಲಾರಿಗೆ ದಾರಿ ಬಿಟ್ಟರು. ಬಂದದ್ದು ಮೊಣಕಾಲೆತ್ತರದ ಕಾರು ಎಂದು ಕಂಡು ನಕ್ಕರು, ನಕ್ಕವರೇ ನಗು ನಿಲ್ಲಿಸಿ ಗೋಣಿಯನ್ನು ನೋಡಿದರು.

ಹೊರಟದ್ದು ತಡವಾಗಿತ್ತು. ಜೈನರ ಊಟ ಹೊತ್ತು ಮುಳುಗುವ ಮೊದಲೇ ಆಗಬೇಕು. ಬಾಗಿಲು ಹಾಕುವುದೇ ಆದರೂ ಊಟ ಆದ ಮೇಲೆ ಹಾಕಲಿ ಎಂದು ಸಂಪತ್‌ಕುಮಾರ ಕಾರನ್ನು ಓಡಿಸಿದ.

ಗುರುವಾಯನಕೆರೆಯಲ್ಲಿ ರಸ್ತೆಗೆ ಅಡ್ಡ ನಿಂತವನು ಹೆಡ್ ಕಾನ್‌ಸ್ಟೇಬಲ್ ಹುಕ್ರಪ್ಪ. ಜಿಲ್ಲೆಯಲ್ಲಿ ಆಗ ಪಾನನಿರೋಧ. ಹುಕ್ರಪ್ಪ ಬೊಂಡದ ಎಳನೀರು ಕುಡಿಯುವವರನ್ನೂ ಎರಡು ಸಲ ಮೂಸುವ ದಕ್ಷ.

“ಗೋಣಿಯೊಳಗೆ ಎಂತ?”

“ಎಂಜಿನು.”

“ಎಂಜಿನನ್ನು ಯಾರಾದರೂ ಗೋಣಿಯಲ್ಲಿ ಕೊಂಡುಹೋಗ್ತಾರಾ?”

“ನಾನು ಕೊಂಡುಹೋಗುವುದಲ್ಲ ಮಾರಾಯ್ರೇ, ಅದೇ ನನ್ನನ್ನು ಕೊಂಡುಹೋಗುವುದು!”

ಹುಕ್ರಪ್ಪ ಗೋಣಿ ಬಿಚ್ಚಿದ. ಎಂಜಿನು. ರೇಡಿಯೇಟರಿನ ಮುಚ್ಚಳ ತೆಗೆದು ದೂರದಿಂದ ಮೂಸಿದ. ನೀರು. ಸಿಗಬೇಕಾದದ್ದು ಸಿಗದಿದ್ದಾಗ ದಕ್ಷ ಪೊಲೀಸನ ಸಂಶಯ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

“ಯಾಕೆ ಈ ನಮೂನೆ ಬೆವರ್ತಿದ್ದೀರಿ?”

“ಎಂಜಿನು ಕಾಲಿಗೇ ತಾಗ್ತದೆ, ಬಿಸಿ.”

“ಸೂರ್ಯನನ್ನು ಯಾಕೆ ಆಗಾಗ ನೋಡ್ತೀರಿ? ಮುಳುಗಿದ ಮೇಲೆ ಯಾರಾದರೂ ಬರ್ಲಿಕ್ಕೆ ಉಂಟಾ?”

“ಮುಳುಗಿದರೆ ನನಗೆ ಊಟ ಇಲ್ಲ. ನಾವು ಜೈನರು. ರಾತ್ರಿ ನೀರು ಕುಡಿಯುವುದಕ್ಕೂ ಹಿಂದೆಮುಂದೆ ನೋಡುವವರು, ಸರಾಯಿ ಎಲ್ಲಿಂದ?”

“ಅದೇ!” ಹುಕ್ರಪ್ಪ ಬೆರಳೆತ್ತಿದ. “ಜೈನರ ಮೇಲೆ ಸರಾಯಿಯ ಸಂಶಯ ಯಾರೂ ಪಡುವುದಿಲ್ಲ. ಸರಾಯಿ ಸಾಗಿಸುವವನಿಗೆ ಅಂಥವನೇ ಬೇಕು. ಅದಕ್ಕೇ ನನಗೆ ಸಂಶಯ. ಎಲ್ಲಿಗೆ ಹೋಗುವುದು?”

“ಹೆಂಡತಿ ಮನೆಗೆ. ಲಾಯಿಲಕ್ಕೆ.”

“ನಡೀರಿ. ನಾನೂ ಬರ್ತೇನೆ. ಮನೆಯವರು ಎಂತ ಹೇಳ್ತಾರೆ ನೋಡುವ.”

ಹುಕ್ರಪ್ಪ ಎರಡನೆಯ ಸೀಟಿನಲ್ಲಿ ಕುಳಿತ. ಗೇರು ಬದಲಿಸಿದಾಗಲೆಲ್ಲ ಗೇರು ಕೋಲು ಅವನ ಮೊಣಕಾಲಿಗೆ ಬಡಿಯಿತು. ಬೆಳ್ತಂಗಡಿ ಮುಟ್ಟುವಾಗ ಅವನು ಅದನ್ನು ಸರಕಾರದ ಮೇಲೆ ಆದ ಹಲ್ಲೆ ಎಂದು ತೀರ್ಮಾನಿಸಿದ್ದ.

ಆಮೇಲೆ ಏರು ಬಂತು. ಹುಕ್ರಪ್ಪ ಒಳ್ಳೆಯ ತೂಕದ ಮನುಷ್ಯ, ಬೂಟು ಬೆಲ್ಟು ಬೇರೆ. ಸಂಪತ್‌ಕುಮಾರ ಗೇರು ಬದಲಿಸಿದ. ಕಾರು ಒಮ್ಮೆ ಗುಡುಗಿ, ಸಪಾಟು ನೆಲದಲ್ಲಿ ಹೋದ ಹಾಗೆ ಹೋಗಿ ತುದಿಯಲ್ಲಿ ನಿಂತಿತು.

“ಏರಿತು! ಏರಿತು!” ಸಂಪತ್‌ಕುಮಾರ ಸ್ಟೇರಿಂಗ್ ಬಿಟ್ಟು ಎರಡೂ ಕೈ ಎತ್ತಿ ಕೂಗಿದ.

ಹುಕ್ರಪ್ಪ ಮೆಲ್ಲಗೆ ಮುಂದಕ್ಕೆ ಬಗ್ಗಿ ಅವನ ಬಾಯಿ ಮೂಸಿದ.

ಲಾಯಿಲದ ಮನೆಯ ಚಾವಡಿಯಲ್ಲಿ ಪುಷ್ಪರಾಜ ಮಾವ ಬೆಂಚಿನ ಮೇಲೆ ಕುಳಿತಿದ್ದರು. ಅಳಿಯನ ಹಿಂದೆ ಪೊಲೀಸು ಇಳಿದದ್ದು ಕಂಡು ಅವರಿಗೆ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಗಿ ಯಾಕೆ ಬಂತು ಎಂಬ ಮುಖ. ಕಮಲಾವತಿ ಬಾಗಿಲಲ್ಲಿ ದಾರಂದಕ್ಕೆ ಒರಗಿ ನಿಂತಳು.

“ಇವರು ದಾರಿಯಲ್ಲಿ ‘ಏರಿತು ಏರಿತು’ ಅಂತ ಬೊಬ್ಬೆ ಹೊಡೆದಿದ್ದಾರೆ” ಎಂದು ಹುಕ್ರಪ್ಪ ವರದಿ ಒಪ್ಪಿಸಿದ. “ಕುಡಿಯದ ಮನುಷ್ಯ ಹೊಡೆಯುವ ಬೊಬ್ಬೆ ಅಲ್ಲ. ವಾಸನೆಯೂ ಇಲ್ಲ. ನನ್ನ ಸರ್ವೀಸಿನಲ್ಲಿ ಇಂಥ ಕೇಸು ಕಂಡಿಲ್ಲ.”

“ಸಂಪತ್‌ಕುಮಾರ್ರೇ,” ಎಂದರು ಮಾವ, “ಎಂಜಿನು ಯಾಕೆ?”

“ಹೊತ್ತು ಮುಳುಗುವ ಮೊದಲು ಊಟಕ್ಕೆ ಮುಟ್ಟಲಿಕ್ಕೆ, ಮಾವ.”

“ಇಷ್ಟು ವರ್ಷ ಬಸ್ಸಿನಲ್ಲಿ ಬಂದಿರಿ. ಒಂದು ದಿನ ಹಸಿದು ಮಲಗಿದ್ದುಂಟಾ? ಹೊಟ್ಟೆ ನೋಡಿದರೆ ಹಾಗೆ ಕಾಣುವುದಿಲ್ಲ.”

ಕಮಲಾವತಿ ಆಕಾಶಕ್ಕೆ ಹೇಳಿದ ಹಾಗೆ ಹೇಳಿದಳು: “ಶಿರ್ತಾಡಿಯ ಕಡೆಯೂ ಏರು ಜೋರು ಉಂಟಂತೆ.”

“ಶಿರ್ತಾಡಿಯಲ್ಲಿ ನನಗೆ ಯಾವ ಹೆಂಗಸೂ ಇಲ್ಲ!”

“ಹೆಂಗಸು ಅಂತ ನಾನು ಹೇಳಿದೆನಾ?”

ನಿರಪರಾಧಿಯಷ್ಟು ಚಂದಕ್ಕೆ ಸಿಕ್ಕಿಬೀಳುವುದು ಅಪರಾಧಿಗೂ ಬರುವುದಿಲ್ಲ.

“ಮಾವ,” ಎಂದಳು ಕಮಲಾವತಿ. ಸ್ವರ ಸಣ್ಣದಾಗಿತ್ತು, ಕಣ್ಣಂಚು ಒದ್ದೆಯಾಗಿತ್ತು. “ಇವರು ಹೇಳುವುದಿಲ್ಲ. ಬಾಗಿಲು ಹಾಕುವ.”

ಅವಳು ನಿಜವಾಗಿಯೂ ಒಳಗೆ ಹೆಜ್ಜೆ ಇಟ್ಟಳು. ಬಾಗಿಲು ಅರ್ಧ ಸರಿಯಿತು. ಸಂಪತ್‌ಕುಮಾರನಿಗೆ ದಿಕ್ಕೇ ತೋಚಲಿಲ್ಲ. ಕೈಗೆ ಸಿಕ್ಕಿದ ಹುಕ್ರಪ್ಪನನ್ನೇ ಕಂಬದ ಮರೆಗೆ ಎಳೆದು, ಕಿವಿಗೆ ಬಾಯಿ ಇಟ್ಟು, ಮದುವೆ, ಏರು, ಬಸ್ಸು, ಕಿಟಕಿ ಎಲ್ಲವನ್ನೂ ಹೇಳಿಬಿಟ್ಟ.

ಹುಕ್ರಪ್ಪನ ಮುಖದಿಂದ ಕಾನೂನು ಮೆಲ್ಲಮೆಲ್ಲನೆ ಇಳಿಯಿತು. ಅವನು ಟೊಪ್ಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಚಾವಡಿಗೆ ಬಂದ.

“ಕೇಸು ಇಲ್ಲ” ಎಂದ.

“ಇಲ್ಲವಾ?” ಎಂದರು ಮಾವ. “ಮತ್ತೆ ಎಂಜಿನು?”

“ಇಲಾಖೆಯ ಗುಟ್ಟು. ಹೇಳ್ಲಿಕ್ಕೆ ಆಗುವುದಿಲ್ಲ. ಒಳ್ಳೆಯ ಮನುಷ್ಯ, ನಂಬಿ. ಎಂಜಿನು ಬೇಕೇ ಬೇಕು.” ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಕನಿಕರ ಬಂದ ಪೊಲೀಸನಿಗೆ ಬಾಯಿ ನಿಲ್ಲುವುದಿಲ್ಲ. “ನನಗೂ ಮನೆಯಲ್ಲಿ ಹೆಂಡತಿ ಇದ್ದಾಳೆ. ನನ್ನದು ಸೈಕಲು. ಏರಿನಲ್ಲಿ ನಾನು ಪಡುವ ಪಾಡು ನನಗೇ ಗೊತ್ತು.”

ಬಾಗಿಲು ಅಲ್ಲಿಯೇ ನಿಂತಿತು.

ಕಮಲಾವತಿ ಹೊರಗೆ ಬಂದಳು. ಹುಕ್ರಪ್ಪನನ್ನು ನೋಡಿದಳು. ಗಂಡನನ್ನು ನೋಡಿದಳು. ಅಂಗಳದಲ್ಲಿ ಗೋಣಿ ಹೊದ್ದು ನಿಂತ ಕಾರನ್ನು ಬಹಳ ಹೊತ್ತು ನೋಡಿದಳು. ಪುಷ್ಪರಾಜ ಮಾವ ಎಲೆಪೆಟ್ಟಿಗೆಯಲ್ಲಿ ಏನೋ ಹುಡುಕತೊಡಗಿದರು. ಹುಕ್ರಪ್ಪ ಟೊಪ್ಪಿಯ ಒಳಭಾಗವನ್ನು ಪರೀಕ್ಷೆ ಮಾಡಿದ.

“ಮೊದಲು ಎಷ್ಟು ಸಿಲಿಂಡರು ಇತ್ತು?” ಎಂದಳು.

“ನಾಲ್ಕು.”

“ಈಗ?”

“ಆರು.”

“ಅಂದರೆ ಎರಡು ಸಿಲಿಂಡರು ನನಗೆ.”

“ಛೆ ಛೆ, ಎರಡಲ್ಲ ಕಮಲಾ!” ಸಂಪತ್‌ಕುಮಾರ ಕೈ ಜೋಡಿಸಿದ. “ಒಂದೇ. ಇನ್ನೊಂದು ನನ್ನ ಹೊಟ್ಟೆಗೆ.”

“ಇಡೀ ಊರು ಕಳ್ಳ ಅಂತು. ಅತ್ತಿಗೆ ಅಟ್ಟಕ್ಕೆ ಬೀಗ ಹಾಕಿದರಂತೆ. ಪೊಲೀಸು ಹಿಡಿಯಿತು. ಆದರೂ ಬಾಯಿ ಬಿಡಲಿಲ್ಲವಾ ನೀವು?”

“ಬಿಟ್ಟರೆ ನಿನಗೆ ಬೇಜಾರಾಗ್ತದೆ ಅಂತ.”

ಅವಳು ತಿರುಗಿ ಒಳಗೆ ಹೋದಳು. ಆಯಿತು, ಮುಗಿಯಿತು ಎಂದುಕೊಂಡ ಸಂಪತ್‌ಕುಮಾರ. ಹಾಗೇ ಎಂದುಕೊಂಡ ಮಾವ ಎಲೆಗೆ ಸುಣ್ಣ ಎರಡು ಸಲ ಹಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಅವಳು ಹೊರಗೆ ಬಂದಾಗ ಮೈಮೇಲೆ ಮದುವೆಗೆ ಉಟ್ಟ ಪಟ್ಟೆಸೀರೆ ಇತ್ತು, ತಲೆಯಲ್ಲಿ ಅಬ್ಬಲಿಗೆ ಹೂ ಇತ್ತು.

“ಕೆಳಗೆ ಹೋಗಿ ಏರು ಹತ್ತಿ ಬರುವ” ಎಂದಳು. “ಆರೂವರೆಯ ಬಸ್ಸು ಬರುವ ಹೊತ್ತು. ಅವರೂ ನೋಡಲಿ.”

“ಊಟ? ಹೊತ್ತು ಮುಳುಗ್ತದಲ್ಲ ಕಮಲಾ?”

“ದೊಡ್ಡ ಎಂಜಿನು ಅಲ್ವಾ? ಬೇಗ ಓಡಿಸಿ.”

ಸೆರಗು ಒತ್ತಿ ಹಿಡಿದು ಕಮಲಾವತಿ ಕಾರಿನೊಳಗೆ ಕುಳಿತಳು. ಸೀಟಿನ ಸ್ಪ್ರಿಂಗು ಅಂಗಳದ ಆಚೆಗೂ ಕೇಳುವ ಹಾಗೆ ಕಿರ್ರೆಂದಿತು. ಅಲ್ಲಿದ್ದ ಮೂವರು ಗಂಡಸರಲ್ಲಿ ಒಬ್ಬನಿಗೂ ಅದು ಕೇಳಿಸಲಿಲ್ಲ.